ವೈಫೈ ಚಾನಲ್: ಆಟೋ, 3, 11, ಇಲ್ಲಾ 36?

ಕಾರವಾರದ ಕಾಜುಬಾಗದಲ್ಲಿ ನಮ್ಮದು ಮೂರು ಮಹಡಿಯ ಅಪಾರ್ಟ್‌ಮೆಂಟ್. ಮಳೆಗಾಲದಲ್ಲಿ ಸಂಜೆ ಎಲ್ಲರೂ ಮನೆಯೊಳಗೇ. ಏಳು ಗಂಟೆ ಆದರೆ ಸಾಕು, ವಿಡಿಯೊ ಕಾಲ್‌ನಲ್ಲಿ ಎದುರಿನವರ ಮುಖ ಹಾಗೇ ನಿಂತುಬಿಡುತ್ತಿತ್ತು. ಲೈನ್ ಸರಿಯಿಲ್ಲ ಅಂದುಕೊಂಡಿದ್ದೆ. ಲ್ಯಾಪ್‌ಟಾಪಿಗೆ ನೇರವಾಗಿ ಕೇಬಲ್ ಹಾಕಿದರೆ ಒಂದು ತಡೆಯೂ ಇಲ್ಲ. ಅಂದರೆ ತೊಂದರೆ ವೈಫೈಯದು. ಫೋನಿನ ವೈಫೈ ಅನಲೈಸರ್‌ನಲ್ಲಿ (ಸುತ್ತಲಿನ ವೈಫೈಗಳು ಯಾವ ಚಾನಲ್, ಅಂದರೆ ಯಾವ ರೇಡಿಯೊ ದಾರಿಯಲ್ಲಿವೆ ಎಂದು ತೋರಿಸುವ ಆ್ಯಪ್) 14 ನೆಟ್‌ವರ್ಕ್ ಕಂಡವು. ಒಂದೊಂದು ಚಾನಲ್ಲನ್ನು ಒಂದೊಂದು ವಾರ ಇಟ್ಟು, ದಿನಾ ಅದೇ ಹೊತ್ತಿಗೆ, ಅದೇ ಮೇಜಿನಿಂದ ರೂಟರಿಗೆ ಪಿಂಗ್ ಮಾಡಿ, ಅಂದರೆ ಸಣ್ಣ ಸಂದೇಶ ಕಳಿಸಿ ಉತ್ತರ ಬರಲು ಎಷ್ಟು ಹೊತ್ತು ಅಂತ ನೋಡಿದೆ.

ಮೊದಲು ಆಟೋ. ನನ್ನ ರೂಟರ್ ಶುರುವಾಗುವಾಗ ಮಾತ್ರ ಚಾನಲ್ ಆರಿಸುತ್ತದೆ, ಆಮೇಲೆ ಅಲ್ಲೇ ಕೂರುತ್ತದೆ. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋಗಿ ಬರುವುದು ಗೊತ್ತಲ್ವಾ? ಬಂದ ಕೂಡಲೇ ಇಡೀ ಕಟ್ಟಡದ ರೂಟರ್‌ಗಳು ಒಟ್ಟಿಗೆ ಏಳುತ್ತವೆ. ಆ ಕ್ಷಣಕ್ಕೆ ಎಲ್ಲ ಚಾನಲ್ಲೂ ಖಾಲಿ ಕಾಣುತ್ತವೆ. ಒಂದು ದಿನ ಚೆನ್ನಾಗಿತ್ತು, ಮರುದಿನ ಹಾಳು. ನೆಚ್ಚಿಕೊಳ್ಳುವ ಹಾಗಿಲ್ಲ.

ಆಮೇಲೆ ಚಾನಲ್ 3. ಅನಲೈಸರ್‌ನಲ್ಲಿ 1 ಮತ್ತು 6ರ ಮೇಲೆ ದೊಡ್ಡ ದೊಡ್ಡ ಗುಡ್ಡಗಳು, 3ರಲ್ಲಿ ಯಾರೂ ಇಲ್ಲ. ಖುಷಿಯಿಂದ ಅಲ್ಲಿಗೆ ಹೋದೆ. ಎಲ್ಲಕ್ಕಿಂತ ಕೆಟ್ಟ ವಾರ ಅದೇ.

ಕಾರಣ ಹೀಗೆ. 1, 3, 6, 11 ಎಲ್ಲ ಇರುವ 2.4 ಗಿಗಾಹರ್ಟ್ಸ್ ಬ್ಯಾಂಡ್‌ನಲ್ಲಿ ಚಾನಲ್ಲಿಂದ ಚಾನಲ್ಲಿಗೆ 5 ಮೆಗಾಹರ್ಟ್ಸ್ ಅಂತರ ಅಷ್ಟೇ. ಆದರೆ ಒಂದು ಸಿಗ್ನಲ್ಲಿಗೆ ಸುಮಾರು 20 ಬೇಕು. ಚಾನಲ್ 3ರ ನಡು 2422, ಹಾಗಾಗಿ ಅದು 2412ರಿಂದ 2432ರವರೆಗೆ ಹರಡುತ್ತದೆ. ಕೆಳಗೆ 1ರ ಮೇಲೂ ಬೀಳುತ್ತದೆ, ಮೇಲೆ 6ರ ಮೇಲೂ ಬೀಳುತ್ತದೆ. ಒಂದೇ ಚಾನಲ್‌ನಲ್ಲಿರುವ ರೂಟರ್‌ಗಳು ಒಂದರ ಮಾತು ಇನ್ನೊಂದು ಕೇಳಿ, ಸರದಿಯಂತೆ ಮಾತಾಡುತ್ತವೆ. ಅರ್ಧ ಮೈಮೇಲೆ ಬಿದ್ದವರ ಮಾತು ಅರ್ಥವಾಗುವುದಿಲ್ಲ, ಬರೀ ಗದ್ದಲ. ನಾನು ಎರಡೂ ಕಡೆಯವರ ಗದ್ದಲ ಕೇಳುತ್ತಿದ್ದೆ. ಅದಕ್ಕಿಂತ ಬೇಸರದ ವಿಷಯ, ಅವರಿಗೂ ನಾನು ಅದನ್ನೇ ಮಾಡುತ್ತಿದ್ದೆ.

ಚಾನಲ್ 11ರಲ್ಲಿ ಆಗಲೇ ಇಬ್ಬರಿದ್ದರು. ಆದರೂ ಅದೇ ಚಾನಲ್‌ನವರ ಜೊತೆ ಸರದಿಯಾದರೂ ಸಿಗುತ್ತದೆ ಅಂತ ಹೋದೆ, ಸಿಗ್ನಲ್ಲಿನ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಕಟ್ಟಿದೆ. 40 ಇಟ್ಟರೆ ಒಬ್ಬನೇ ಅರ್ಧ ಬ್ಯಾಂಡ್ ತಿಂದ ಹಾಗೆ. ವೇಗ ತುಂಬ ಏರಲಿಲ್ಲ, ಆದರೆ ಪಿಂಗ್ ಎಗರಾಡುವುದು ನಿಂತಿತು. ವಿಡಿಯೊ ಕಾಲ್‌ಗೆ ಬೇಕಾದ್ದು ಅದೇ.

ಇನ್ನು 5 ಗಿಗಾಹರ್ಟ್ಸ್, ಚಾನಲ್ 36. ಹಾಲ್‌ನಲ್ಲಿ ಇದರ ಮುಂದೆ ಯಾವುದೂ ಇಲ್ಲ. ಮಲಗುವ ಕೋಣೆಗೆ ಹೋದರೆ ನಡುವೆ ದಪ್ಪ ಚಿರೆಕಲ್ಲಿನ ಗೋಡೆ, ಒಂದೇ ಕಡ್ಡಿ ಉಳಿಯುತ್ತದೆ. 52ನ್ನೂ ನೋಡಿದೆ. ಅದು ರಾಡಾರ್ ಜೊತೆ ಹಂಚಿಕೊಂಡ ಜಾಗ, ರೂಟರ್ ಮೊದಲು ಒಂದು ನಿಮಿಷ ಸುಮ್ನೆ ಕೇಳಿಸಿಕೊಳ್ಳಬೇಕು, ರಾಡಾರ್ ಕಂಡರೆ ಜಾಗ ಬಿಡಬೇಕು. ಬಂದರು ಇರುವ ಊರಿನಲ್ಲಿ ಅದು ನನಗೆ ಬೇಡ ಅನಿಸಿತು, ಎರಡೇ ದಿನಕ್ಕೆ ಬಿಟ್ಟೆ.

ಈಗ ಹಾಲ್‌ನ ಟಿವಿ, ಲ್ಯಾಪ್‌ಟಾಪ್ 36ರಲ್ಲಿ. ಒಳಗಿನ ಕೋಣೆಯ ಫೋನ್‌ಗಳು 11ರಲ್ಲಿ.

ಕೆಳಗಿನ ಮನೆಯ ನಿವೃತ್ತ ಅಕ್ಕೋರ ರೂಟರ್ 8ರಲ್ಲಿತ್ತು, ಅದು ನನ್ನ 11ರ ಅಂಚಿಗೆ ತಾಗುತ್ತಿತ್ತು. ಹೋಗಿ ಹೇಳಿದೆ. "ಆರಕ್ಕೆ ಹಾಕು ತಮ್ಮಾ, ನಂಗೂ ಮೊಮ್ಮಗನ ಮುಖ ನಿಂತು ನಿಂತು ಬರ್ತದೆ" ಅಂದರು. ಎದುರು ಮನೆಯವರು 1ಕ್ಕೆ ಒಪ್ಪಿದರು. ಮೂರು ಮನೆ, ಮೂರು ಚಾನಲ್. ಕೆಳಗೆ ಮೀಟರ್ ಬೋರ್ಡಿನ ಪಕ್ಕ ಚೀಟಿ ಅಂಟಿಸಿದ್ದೇವೆ, ಹೊಸದಾಗಿ ಬಾಡಿಗೆಗೆ ಬಂದವರೂ ನೋಡಲಿ ಅಂತ.