ಹಳೆ ಬ್ರ್ನೋ ಪಾಯಿಂಟ್ 22 ರೈಫಲ್: ಹನ್ನೊಂದು ವರ್ಷ ಬಳಸಿದ ಮೇಲೆ

ಈ ಕೋವಿ ಕೊಡಗಿನ ನಮ್ಮ ಮನೆಗೆ ಬಂದದ್ದು 2014ರ ಜನವರಿಯಲ್ಲಿ, ರೊಬಸ್ಟಾ ಕೊಯ್ಲು ಶುರುವಾಗುವ ಹೊತ್ತಿಗೆ. ಜೆಕೊಸ್ಲೊವಾಕಿಯಾದ ಬ್ರ್ನೋ ಮಾಡೆಲ್ 2. ಬೋಲ್ಟ್ ಎಳೆದು ತೋಟಾ ತುಂಬುವ ರೈಫಲ್, ಮ್ಯಾಗಜಿನ್‌ನಲ್ಲಿ ಐದು ತೋಟಾ ಹಿಡಿಯುತ್ತದೆ. ನಮ್ಮ ಕಡೆ ಎಲ್ಲರ ಬಾಯಲ್ಲೂ ಇದು ‘ಬ್ರುನೋ’. ನನಗಿಂತ ವಯಸ್ಸಾದ ಕೋವಿ. ಹಿಂದಿನ ಮಾಲೀಕರು ಚಿಕ್ಕಮಗಳೂರು ಕಡೆಯ ಕಾಫಿ ಬೆಳೆಗಾರರು.

ಮೊದಲು ಮಾರಿದ ಕೋವಿಯ ವಿಷಯ ಹೇಳಿಬಿಡುತ್ತೇನೆ. ದೊಡ್ಡಪ್ಪ ತೀರಿಕೊಂಡ ಮೇಲೆ ಅವರ ಪಾಯಿಂಟ್ 315 ರೈಫಲ್ ನನ್ನ ಹೆಸರಿಗೆ ಬಂತು. ಇಶಾಪುರದ ಸರ್ಕಾರಿ ಕಾರ್ಖಾನೆಯದು, ಸೈನ್ಯದ ಹಳೆ ಲೀ ಎನ್‌ಫೀಲ್ಡ್ ಮೇಲೆ ಕಟ್ಟಿದ ಗಟ್ಟಿ ಕೋವಿ. ಸೈನ್ಯದ ತೋಟಾ ಹೊರಗಿನವರಿಗೆ ಸಿಗಬಾರದು ಅಂತಲೇ ಅದಕ್ಕೆ ಬೇರೆ ಅಳತೆ ಇಟ್ಟಿದ್ದರು. ದೊಡ್ಡ ಬೇಟೆಗೆ ಮಾಡಿದ್ದು. 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಬೇಟೆಯ ಮಾತೇ ಇಲ್ಲ, ಇರಲೂಬಾರದು. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ಪೂಜೆಗೆ ಇಡುವುದು, ಮತ್ತೆ ಬೀರುವಿಗೆ ಸೇರಿಸುವುದು, ಅಷ್ಟೇ. ನನಗೆ ಬೇಕಿದ್ದದ್ದು ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಒಯ್ಯಬಹುದಾದ ಪಾಯಿಂಟ್ 22. ಲೈಸೆನ್ಸ್ ಬದಲು ನಮಗೆ ಕೊಡುವ ವಿನಾಯಿತಿ ಪತ್ರದಲ್ಲಿ ಒಂದು ರೈಫಲ್‌ಗೆ ಮಾತ್ರ ಜಾಗ. ಹಾಗಾಗಿ ದೊಡ್ಡಪ್ಪನ ಕೋವಿ ಹೋಗಲೇಬೇಕಾಯಿತು. ಮನಸ್ಸಿಗೆ ತುಂಬಾ ಕಷ್ಟವಾಯಿತು.

‘ನಿಮಗೆ ಕೋವಿಗೆ ಲೈಸೆನ್ಸ್ ಬೇಡವಾ’ ಅಂತ ಕೊಡಗಿನ ಹೊರಗಿನವರು ಪದೇ ಪದೇ ಕೇಳುತ್ತಾರೆ, ಅದಕ್ಕೆ ಇಲ್ಲೇ ಹೇಳುತ್ತೇನೆ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಇರುವುದು ಲೈಸೆನ್ಸ್‌ನಿಂದ ವಿನಾಯಿತಿ. ಲೆಕ್ಕಪತ್ರದಿಂದ ವಿನಾಯಿತಿ ಇಲ್ಲ. ಜಿಲ್ಲಾಧಿಕಾರಿ ಕಚೇರಿಯ ಪತ್ರ ಬೇಕು, ಅದರಲ್ಲಿ ಕೋವಿಯ ನಂಬರ್ ಇರಬೇಕು. 2019ರಲ್ಲಿ ಕೇಂದ್ರ ಸರ್ಕಾರ ಈ ವಿನಾಯಿತಿಯನ್ನು 2029ರವರೆಗೆ ಮುಂದುವರಿಸಿದೆ. 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿದಿದೆ.

ಮಾರುವವರು ಎಡವುವುದು ಒಂದೇ ಕಡೆ. ಒಬ್ಬರಿಂದ ಒಬ್ಬರಿಗೆ ಕೋವಿ ಮಾರುವಾಗ ಮೊದಲು ಜಿಲ್ಲಾ ಮ್ಯಾಜಿಸ್ಟ್ರೇಟ್‌ಗೋ ಹತ್ತಿರದ ಪೊಲೀಸ್ ಠಾಣೆಗೋ ಬರವಣಿಗೆಯಲ್ಲಿ ತಿಳಿಸಬೇಕು. ಆಮೇಲೆ 45 ದಿನ ಕಾಯಬೇಕು. ಆಯುಧ ಕಾಯ್ದೆಯ 5ನೇ ಸೆಕ್ಷನ್‌ನಲ್ಲೇ ಇದೆ. ‘ಗುರುತಿನವರಲ್ವಾ, ಕೋವಿ ಈಗ ತಗೊಂಡು ಹೋಗಿ, ಕಾಗದ ಆಮೇಲೆ ಮಾಡಿಸೋಣ’ ಎನ್ನುವವರು ಇದ್ದಾರೆ. ದಯವಿಟ್ಟು ಒಪ್ಪಬೇಡಿ. ನಾನು 315 ಮಾರುವಾಗಲೂ ಬ್ರ್ನೋ ಕೊಳ್ಳುವಾಗಲೂ ದಿನ ಎಣಿಸಿ ಕಾದೆ. ಪತ್ರದಲ್ಲಿ ನಂಬರ್ ಏರುವವರೆಗೆ ಕೋವಿ ಮನೆಗೆ ತರಲಿಲ್ಲ. ನಂಬರ್ ಅಂದರೆ ನಳಿಗೆಯ ಮೇಲೆ ಕೊರೆದದ್ದು. ಅದನ್ನು ಸೀಸದ ಕಡ್ಡಿಯಿಂದ ಕಾಗದದ ಮೇಲೆ ಉಜ್ಜಿ ಅಚ್ಚು ತೆಗೆದುಕೊಂಡು ಕಚೇರಿಗೆ ಒಯ್ದಿದ್ದೆ. 3 ಮತ್ತು 8 ಅದಲು ಬದಲಾದರೆ ಆಮೇಲೆ ಸರಿಪಡಿಸಲು ತಿಂಗಳುಗಟ್ಟಲೆ ಅಲೆಯಬೇಕು.

ಬೆಲೆ ಕೇಳಿದವರಿಗೆಲ್ಲ ಹೇಳುವುದು ಇಷ್ಟೇ: ಆ ಕಾಲಕ್ಕೆ ಒಂದು ಒಳ್ಳೆಯ ಬೈಕ್ ಬರುತ್ತಿತ್ತು. 1980ರ ದಶಕದಲ್ಲಿ ಸಾಮಾನ್ಯ ಜನ ಹೊರದೇಶದಿಂದ ಕೋವಿ ತರಿಸುವುದು ನಿಂತುಹೋಯಿತು. ಹಾಗಾಗಿ ಇರುವ ಹಳೆ ಕೋವಿಗಳೇ ಕೈಯಿಂದ ಕೈಗೆ ಹೋಗುತ್ತಿವೆ. ಆ ದುಡ್ಡಿನಲ್ಲಿ ಅರ್ಧಕ್ಕೂ ಹೆಚ್ಚು ಹೆಸರಿಗೆ ಕೊಡುವ ದುಡ್ಡು. ಅದಕ್ಕೇ ನಾನು ಹೇಳುವುದು, ಹೆಸರು ನೋಡಿ ಕೊಳ್ಳಬೇಡಿ, ನಳಿಗೆಯ ಒಳಗೆ ನೋಡಿ ಕೊಳ್ಳಿ.

ಇದು ನನಗೆ ಗೊತ್ತಾದದ್ದು ಮೊದಲು ನೋಡಿದ ಕೋವಿಯಿಂದ. ನಗರದ ಒಂದು ಅಂಗಡಿಯಲ್ಲಿ ಇದೇ ಮಾಡೆಲ್ ಇತ್ತು. ಹೊರಗೆ ಕಪ್ಪು ಬಣ್ಣ ಫಳಫಳ, ಮರಕ್ಕೆ ಹೊಸ ಪಾಲಿಶ್. ಬೋಲ್ಟ್ ತೆಗೆದು ನಳಿಗೆಯನ್ನು ಬಾಗಿಲ ಬೆಳಕಿಗೆ ಹಿಡಿದೆ. ಒಳಗಿನ ತಿರುವುಗಳು ಹೊಳೆಯುತ್ತಿದ್ದವು, ಆದರೆ ತುದಿಗೆ ಒಂದು ಗೇಣು ಇರುವಾಗ ಕಪ್ಪು ಉಂಗುರ ಕಾಣಿಸಿತು. ನಳಿಗೆ ತಿರುಗಿಸಿದರೂ ಉಂಗುರ ಅಲ್ಲೇ. ಯಾವಾಗಲೋ ಒಂದು ಗುಂಡು ಒಳಗೆ ಸಿಕ್ಕಿಕೊಂಡಿದೆ, ಹಿಂದಿನಿಂದ ಇನ್ನೊಂದು ಹೊಡೆದಿದ್ದಾರೆ, ನಳಿಗೆ ಅಲ್ಲಿ ಉಬ್ಬಿದೆ. ಹೊರಗಿನಿಂದ ಬೆರಳಾಡಿಸಿದರೆ ಏನೂ ತಿಳಿಯಲಿಲ್ಲ. ಅಂಗಡಿಯವರು ‘ಅದು ಎಣ್ಣೆ, ಒರೆಸಿದರೆ ಹೋಗುತ್ತೆ’ ಅಂದರು. ಒರೆಸಿ ತೋರಿಸಿ ಅಂದೆ. ಒರೆಸಿದರು. ಹೋಗಲಿಲ್ಲ. ನಾನೂ ಕೊಳ್ಳಲಿಲ್ಲ.

ಚಿಕ್ಕಮಗಳೂರಿನ ಯಜಮಾನರ ಮನೆಯಲ್ಲಿ ಬೇರೆಯೇ ಅನುಭವ. ‘ಬನ್ನಿ, ಕೂತ್ಕೊಳ್ಳಿ. ಮೊದಲು ಕಾಫಿ, ಆಮೇಲೆ ಕೋವಿ’ ಅಂದರು. ಮರದ ಬಣ್ಣ ಮಾಸಿತ್ತು, ಹಿಡಿಯುವ ಕಡೆ ಕಬ್ಬಿಣ ಬೆಳ್ಳಗಾಗಿತ್ತು. ಜೊತೆಗೆ ಒಂದು ಶಾಲೆ ನೋಟ್‌ಬುಕ್ ಕೊಟ್ಟರು. ಯಾವತ್ತು ಎಷ್ಟು ತೋಟಾ ಹೊಡೆದದ್ದು, ಯಾವತ್ತು ಒರೆಸಿದ್ದು, ಎಲ್ಲಾ ಅವರ ಕೈಬರಹದಲ್ಲಿ. ಒಳಗೆ ನೋಡಿದೆ, ಕನ್ನಡಿ. ತೋಟಾ ಕೂರುವ ಬಾಯಿಯ ಅಂಚಿನಲ್ಲಿ ಗಾಯ ಇದೆಯಾ ಅಂತಲೂ ನೋಡಿದೆ. ಪಾಯಿಂಟ್ 22ರ ಪಿನ್ ಹೊಡೆಯುವುದು ತೋಟಾದ ಅಂಚಿಗೆ. ತೋಟಾ ಇಲ್ಲದೆ ಸುಮ್ನೆ ಟ್ರಿಗರ್ ಒತ್ತುತ್ತಾ ಇದ್ದರೆ ಪಿನ್ ನೇರ ಆ ಉಕ್ಕಿನ ಅಂಚಿಗೇ ಬಡಿದು ಗುಳಿ ಬೀಳಿಸಬಹುದು. ಇದರಲ್ಲಿ ಗುಳಿ ಇರಲಿಲ್ಲ. ಕೊನೆಗೆ ನಳಿಗೆಯ ತುದಿ. ಸ್ಟೀಲ್ ಕಡ್ಡಿಯನ್ನು ಮುಂದಿನಿಂದ ತೂರಿಸಿ ಒರೆಸುವವರ ಕೋವಿಯಲ್ಲಿ ತುದಿ ಒಂದು ಪಕ್ಕ ಸವೆದಿರುತ್ತದೆ, ಗುಂಡು ಚದುರುತ್ತದೆ. ಈ ಯಜಮಾನರು ಯಾವಾಗಲೂ ಬೋಲ್ಟ್ ತೆಗೆದು ಹಿಂದಿನಿಂದಲೇ ಒರೆಸಿದ್ದರು. ಚೌಕಾಸಿ ಮಾಡದೆ ಕೇಳಿದ ಬೆಲೆಗೆ ಒಪ್ಪಿಕೊಂಡೆ.

ಒಂದೇ ತೊಂದರೆ ಇತ್ತು. ಯಾರೋ ರಿಪೇರಿಯವರು ಫ್ರಂಟ್ ಸೈಟ್ (ಗುರಿ ಹಿಡಿಯಲು ನಳಿಗೆಯ ತುದಿಯಲ್ಲಿರುವ ಕಡ್ಡಿ) ಬದಲಿಸಿ ಗಿಡ್ಡದ್ದು ಕೂರಿಸಿದ್ದರು. ನಮ್ಮ ತೋಟದ ಹಿಂದೆ ಎತ್ತರದ ಮಣ್ಣಿನ ಬರೆ ಇದೆ. ಅದರ ಮುಂದೆ 50 ಮೀಟರ್‌ಗೆ ಕಾಗದ ಕಟ್ಟಿ, ಕಾಫಿ ಬೀಜ ತುಂಬಿದ ಬಟ್ಟೆ ಚೀಲದ ಮೇಲೆ ಕೋವಿ ಇಟ್ಟು ಹೊಡೆದೆ. ಐದೂ ಗುಂಡು ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ, ಆದರೆ ಗುರಿಗಿಂತ 10 ಸೆಂ.ಮೀ. ಮೇಲೆ. ಹಿಂದಿನ ಸೈಟ್ ಆಗಲೇ ಪೂರ್ತಿ ಕೆಳಗಿತ್ತು. ಗುಂಡು ಮೇಲೆ ಹೋಗುತ್ತಿದ್ದರೆ ಮುಂದಿನ ಸೈಟನ್ನು ಎತ್ತರಿಸಬೇಕು. ಕೇಳಿದವರಿಗೆ ಉಲ್ಟಾ ಅನ್ನಿಸುತ್ತದೆ, ಆದರೆ ಸರಿ. ಲೆಕ್ಕವೂ ಸುಲಭ. ಎರಡು ಸೈಟ್‌ಗಳ ನಡುವೆ ಸುಮಾರು ಅರ್ಧ ಮೀಟರ್. 50 ಮೀಟರ್‌ಗೆ ಇದು ನೂರರಲ್ಲಿ ಒಂದು ಪಾಲು. 10 ಸೆಂ.ಮೀ.ಗೆ ನೂರರಲ್ಲಿ ಒಂದು ಪಾಲು ಅಂದರೆ 1 ಮಿ.ಮೀ. ಕೋವಿ ರಿಪೇರಿಗೆ ಲೈಸೆನ್ಸ್ ಇರುವವರ ಹತ್ತಿರ ಒಂದು ಮಿಲಿಮೀಟರ್ ಎತ್ತರದ್ದು ಹಾಕಿಸಿದೆ. ಅಂದಿನಿಂದ ಆ ಸೈಟ್ ಮುಟ್ಟಿಲ್ಲ.

ಟೆಲಿಸ್ಕೋಪ್ ಕೂಡ ಎರಡು ವರ್ಷ ಹಾಕಿದ್ದೆ. ಈ ಕೋವಿಯ ಮೇಲೆ ಅದನ್ನು ಕೂರಿಸಲು ಕಚ್ಚು ಕೊರೆದೇ ಇದೆ, ತೂತು ಹೊಡೆಸಬೇಕಾಗಿಲ್ಲ. ಯಾರಾದರೂ ತೂತು ಹೊಡೆಸೋಣ ಅಂದರೆ ಕೋವಿ ಕೈಗೇ ಕೊಡಬೇಡಿ. ಕಾಗದದ ಮೇಲೆ ಗುಂಡು ಕೂರಿಸಲು ಟೆಲಿಸ್ಕೋಪ್ ಚೆನ್ನಾಗಿದೆ. ನಮ್ಮೂರಿನ ಸ್ಪರ್ಧೆಯಲ್ಲಿ ಬಿಡುವುದಿಲ್ಲ, ಹಾಗಾಗಿ ತೆಗೆದಿಟ್ಟೆ. ಕೋವಿಯ ಅಂದವೂ ವಾಪಸ್ ಬಂತು.

ತೋಟಾ ಯಾವುದಾದರೂ ಒಂದೇ ಬಗೆಯದ್ದು ಇಟ್ಟುಕೊಳ್ಳಿ. ಬಗೆ ಬದಲಾದರೆ ಗುಂಡು ಬೀಳುವ ಜಾಗವೂ ಬದಲಾಗುತ್ತದೆ. 50 ಮೀಟರ್‌ಗೆ ಕೂರಿಸಿದ ಗುಂಡು 100 ಮೀಟರ್‌ಗೆ ಒಂದು ಗೇಣು ಕೆಳಗೆ ಬೀಳುತ್ತದೆ ಅನ್ನುವುದೂ ನೆನಪಿರಲಿ.

ನಮ್ಮ ಮಳೆಯಲ್ಲಿ ಕೋವಿ ಕಾಪಾಡುವುದೇ ದೊಡ್ಡ ಕೆಲಸ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ನಾವು ಹದಿನೈದು ದಿನ ನೆಂಟರ ಮನೆಯಲ್ಲಿದ್ದೆವು. ಕೋವಿಯನ್ನು ಠಾಣೆಯಲ್ಲಿ ಇಡಲೂ ಆಗಲಿಲ್ಲ, ದಾರಿಯೇ ಇರಲಿಲ್ಲ. ಬೀಗ ಹಾಕಿದ ಬೀರುವಿನಲ್ಲಿ, ಚರ್ಮದ ಚೀಲದೊಳಗೆ ಉಳಿಯಿತು. ವಾಪಸ್ ಬಂದು ನೋಡಿದರೆ ಚೀಲದ ಮೇಲೆ ಬಿಳಿ ಬೂಷ್ಟು, ಬೋಲ್ಟ್ ಮೇಲೆ ಕೆಂಪು ಚುಕ್ಕೆ. ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ, ಅದರಲ್ಲಿ ಕೋವಿ ಇಡಲೇಬಾರದು. ತುಕ್ಕು ಎಣ್ಣೆ ಬಟ್ಟೆಗೆ ಹೋಯಿತು, ಪುಣ್ಯ. ಆದರೆ ಗುಂಡು ಎಡಕ್ಕೆ ಹೋಗತೊಡಗಿತು. ನಳಿಗೆಗೂ ಮರಕ್ಕೂ ನಡುವೆ ಹತ್ತು ರೂಪಾಯಿ ನೋಟು ತೂರಿಸಿ ನೋಡಿದೆ. ಮೊದಲು ಸಲೀಸಾಗಿ ಓಡುತ್ತಿದ್ದ ನೋಟು ಬಲಗಡೆ ಸಿಕ್ಕಿಕೊಂಡಿತು. ಮರ ನೀರು ಕುಡಿದು ಊದಿ ನಳಿಗೆಯನ್ನು ತಳ್ಳುತ್ತಿತ್ತು. ಬೇಸಿಗೆವರೆಗೆ ಒಣಗಲು ಬಿಟ್ಟೆ, ಆಮೇಲೆ ಆ ಜಾಗವನ್ನು ಸಣ್ಣ ಉಪ್ಪುಕಾಗದದಲ್ಲಿ ತುಸು ಉಜ್ಜಿ, ಒಳಗಡೆಗೂ ಎಣ್ಣೆ ಕುಡಿಸಿದೆ. ಈಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಬೀರು ತೆಗೆದು ಒರೆಸುತ್ತೇನೆ. ತೋಟಾ ಬೇರೆ ಕಡೆ, ಬೇರೆ ಬೀಗದಲ್ಲಿ.

ಸ್ಪರ್ಧೆಯ ಬಗ್ಗೆ ಒಂದು ಮಾತು. ಮರದ ತುದಿಗೆ ಕಾಯಿ ಕಟ್ಟಿ, ಹಿಂದೆ ಬರೀ ಆಕಾಶ ಇದ್ದರೆ ನಾನು ಹೊಡೆಯುವುದಿಲ್ಲ. ಪಾಯಿಂಟ್ 22 ಚಿಕ್ಕದು ಅಂತ ಸದರ ಬೇಡ, ಗುಂಡು ಒಂದೂವರೆ ಕಿಲೋಮೀಟರ್ ದಾಟಿ ಹೋಗಬಲ್ಲದು. ನಮ್ಮೂರಲ್ಲಿ ಮಾತಾಡಿ, ಈಗ ಹಿಂದೆ ಗುಡ್ಡ ಇರುವ ಜಾಗದಲ್ಲೇ ಕಾಯಿ ಕಟ್ಟುತ್ತಾರೆ.

ಹನ್ನೊಂದು ವರ್ಷದಲ್ಲಿ ಬದಲಿಸಿದ್ದು ಫ್ರಂಟ್ ಸೈಟ್ ಮತ್ತು ಒಂದು ಮ್ಯಾಗಜಿನ್ ಸ್ಪ್ರಿಂಗ್ ಮಾತ್ರ. ಹೋದ ವರ್ಷದಿಂದ ಖಾಲಿ ತೋಟಾ ಒಮ್ಮೊಮ್ಮೆ ಹೊರಗೆ ಹಾರದೆ ಒಳಗೇ ಉಳಿಯುತ್ತಿದೆ, ಅದನ್ನು ಹೊರಗೆಳೆಯುವ ಕೊಕ್ಕೆ, ಎಕ್ಸ್‌ಟ್ರ್ಯಾಕ್ಟರ್, ಸವೆದಿದೆ. ಬಿಡಿಭಾಗ ಸಿಗುವುದು ಕಷ್ಟ, ಆರು ತಿಂಗಳು ಹುಡುಕಿದೆ. ಕೊನೆಗೆ ಒಂದು ಸಿಕ್ಕಿದೆ, ಕೈಲ್ ಪೊಳ್ದ್ ಒಳಗೆ ಹಾಕಿಸುತ್ತೇನೆ. ಸೆಪ್ಟೆಂಬರ್ 3ಕ್ಕೆ ಗಂಧ ಹಚ್ಚಿ, ನಳಿಗೆಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆ. ಮಾರನೇ ವಾರದ ಸ್ಪರ್ಧೆಯಲ್ಲಿ ಈ ಸಲ ಅಣ್ಣನ ಮಗಳು ಹೊಡೆಯುತ್ತಾಳೆ. ಯಜಮಾನರ ನೋಟ್‌ಬುಕ್‌ನಲ್ಲಿ ಇನ್ನೂ ಏಳು ಹಾಳೆ ಖಾಲಿ ಇವೆ, ಈಗ ಬರೆಯುವವಳು ಅವಳೇ.