ಕಲಬುರಗಿ ಬಿಸಿಲಿಗೆ ಟ್ರೇಲ್ ಕ್ಯಾಮೆರಾ ನಡೀತದಾ? ಮೂರು ಬೇಸಿಗೆ ಬಳಸಿದ ಮೇಲೆ

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ: ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಬಿಸಿಲೇರಿದ ಮೇಲೆ ರಾತ್ರಿ ಊಟದ ಹೊತ್ತಿನವರೆಗೆ ಇದು ಕಣ್ಣಿದ್ದೂ ಕುರುಡು. ಕೆಟ್ಟಿದೆ ಅಂತ ಮಾರಿದವರ ಜೊತೆ ಜಗಳಕ್ಕೆ ಬೀಳಬೇಡಿ. ಅದರ ಹುಟ್ಟುಗುಣವೇ ಅಂಥದ್ದು, ಆ ಹುಟ್ಟುಗುಣಕ್ಕೂ ನಮ್ಮ ಕಡೆಯ ಬಿಸಿಲಿಗೂ ಆಗಿಬರುವುದಿಲ್ಲ.

ಟ್ರೇಲ್ ಕ್ಯಾಮೆರಾ ಅಂದರೆ ಮರಕ್ಕೋ ಕಂಬಕ್ಕೋ ಪಟ್ಟಿ ಬಿಗಿದು ಕಟ್ಟಿ ಬರುವ, ಎದುರಿಗೆ ಪ್ರಾಣಿ ಹಾದರೆ ತಾನಾಗಿ ಫೋಟೊ ತೆಗೆಯುವ ಡಬ್ಬಿ. ಇದು ಅಂಗಡಿ ಸರಕಾಗಿ ಬೆಳೆದದ್ದು ಅಮೆರಿಕದ ಜಿಂಕೆ ಬೇಟೆಗಾರರಿಂದ. ಸೀಸನ್ ಶುರುವಾಗುವ ಮುಂಚೆ ಯಾವ ದಾರಿಗೆ, ಎಷ್ಟು ಹೊತ್ತಿಗೆ ಜಿಂಕೆ ಬರುತ್ತದೆ ಅಂತ ತಿಳಿಯಲು ಅವರು ಇದನ್ನು ಕಟ್ಟುತ್ತಾರೆ. ನಮ್ಮ ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ಕ್ಯಾಮೆರಾ ಟ್ರ್ಯಾಪ್ ಇಟ್ಟು, ಮೈಮೇಲಿನ ಪಟ್ಟೆ ನೋಡಿ ಒಂದೊಂದು ಹುಲಿಯನ್ನೂ ಬೇರೆ ಬೇರೆ ಗುರುತಿಸಿ ಎಣಿಸಿದ್ದು ಇದೇ ವಿದ್ಯೆಯಿಂದ. ನನ್ನದು ಅಂಥ ದೊಡ್ಡ ಕೆಲಸದ ಸಾಮಾನಲ್ಲ, ಆನ್‌ಲೈನಿನಲ್ಲಿ 6,000 ರೂಪಾಯಿ ಆಸುಪಾಸಿಗೆ ಸಿಕ್ಕ ಮಾಲು. ಬ್ರ್ಯಾಂಡ್ ಹೆಸರು ಬರೆದೂ ಉಪಯೋಗವಿಲ್ಲ. ಇದೇ ಡಬ್ಬಿ, ಇದೇ ಮೆನು, ನಾಲ್ಕಾರು ಹೆಸರಿನ ಸ್ಟಿಕ್ಕರ್ ಹಚ್ಚಿಕೊಂಡು ಮಾರಾಟಕ್ಕಿವೆ.

ನಮ್ಮ ಮನೆತನಕ್ಕೆ ಬ್ಯಾಟಿ ಹುಚ್ಚು ಹಳೆಯದು. ಮುತ್ಯಾ ನಾಯಿ ಕಟ್ಟಿಕೊಂಡು ಮೊಲದ ಹಿಂದೆ ಹೋಗುತ್ತಿದ್ದವರು. ಅಪ್ಪನಿಗೆ ಬಲೆ ಹೆಣೆಯಲು ಬರುತ್ತಿತ್ತು, ಹೆಣೆದ ಬಲೆ ಮಾತ್ರ ಅಟ್ಟದ ಮೇಲೇ ಉಳಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ಇವತ್ತು ಮೊಲಕ್ಕೂ ಕೈ ಹಚ್ಚುವಂತಿಲ್ಲ, ಹಚ್ಚುವ ಆಸೆಯೂ ನನಗಿಲ್ಲ. ಆದರೆ ಬೆಳಗಾಗೆದ್ದು ಬದುವಿನ ಮೇಲೆ ಹೆಜ್ಜೆ ಹುಡುಕುವ ಚಟ ರಕ್ತದಲ್ಲೇ ಬಂದಿದೆ, ಅದು ಹೋಗುವುದಿಲ್ಲ. ಮನೆಯಲ್ಲಿ ಮಗಳು, ಮಗ ಇಬ್ಬರೂ ಮೊಬೈಲಿಗೆ ಅಂಟಿಕೊಂಡವರು. ಹೊಲಕ್ಕೆ ಬಾ ಅಂದರೆ ‘ಅಲ್ಲಿ ಏನದ ಪಪ್ಪಾ?’ ಅನ್ನುತ್ತಿದ್ದರು. ಏನದ ಅಂತ ತೋರಿಸಲಿಕ್ಕೇ ಇದನ್ನು ತಂದದ್ದು.

ಎರಡು ಜಾಗದಲ್ಲಿ ಅದಲು ಬದಲು ಕಟ್ಟುತ್ತೇನೆ. ಒಂದು, ಕಲಬುರಗಿ ರಿಂಗ್ ರೋಡಿನ ಹೊರಗಿರುವ ನಮ್ಮ ಮನೆಯ ಹಿತ್ತಲು. ಇನ್ನೊಂದು, ಚಿಂಚೋಳಿ ತಾಲೂಕಿನಲ್ಲಿರುವ ನಮ್ಮ ತೊಗರಿ ಹೊಲ. ಚಿಂಚೋಳಿ ಕಾಡು 2011ರಲ್ಲಿ ವನ್ಯಜೀವಿ ಅಭಯಾರಣ್ಯವಾಯಿತು. ಹೊಲ ಅದಕ್ಕೆ ತಾಗಿಲ್ಲ, ಆದರೆ ಕಾಡಿನ ಪ್ರಾಣಿ ಗಡಿಕಲ್ಲು ನೋಡಿ ನಿಲ್ಲುವುದಿಲ್ಲವಲ್ಲ.

ಈಗ ಬಿಸಿಲಿನ ಮಾತು. ಈ ಕ್ಯಾಮೆರಾದ ಒಳಗಿರುವ ಸೆನ್ಸರ್ ಪ್ರಾಣಿಯನ್ನು ನೋಡುವುದಿಲ್ಲ, ಬಿಸಿಯ ವ್ಯತ್ಯಾಸವನ್ನು ನೋಡುತ್ತದೆ. ಹಿಂದಿನ ನೆಲ, ಗಿಡ, ಗೋಡೆ ಒಂದು ಬಿಸಿಯಲ್ಲಿದ್ದು, ಅದರ ಮುಂದೆ ಬೇರೆ ಬಿಸಿಯ ಮೈ ಸರಿದಾಗ ಅದು ಎಚ್ಚರಗೊಂಡು ಫೋಟೊ ತೆಗೆಯುತ್ತದೆ. ಡಿಸೆಂಬರಿನ ಬೆಳಗಿನ ಜಾವ ನೆಲ ತಣ್ಣಗೆ, ನರಿಯ ಮೈ ಬೆಚ್ಚಗೆ. ಆಗ ಒಂದೂ ತಪ್ಪುವುದಿಲ್ಲ, ಹತ್ತು ಹನ್ನೆರಡು ಮೀಟರ್ ದೂರದ ಮೊಲವನ್ನೂ ಹಿಡಿಯುತ್ತದೆ. ಮೇ ತಿಂಗಳಲ್ಲಿ ಗಾಳಿಯೇ 42, 43 ಡಿಗ್ರಿ. ಬೆಳಿಗ್ಗೆ ಒಂದು ಹೊತ್ತಿಗೆ ನೆಲದ ಬಿಸಿ ಏರುತ್ತ ಏರುತ್ತ ಪ್ರಾಣಿಯ ಮೈಬಿಸಿಗೆ ಸಮ ಆಗಿಬಿಡುತ್ತದೆ, ಸೆನ್ಸರಿನ ಪಾಲಿಗೆ ಪ್ರಾಣಿ ಅಲ್ಲಿ ಇಲ್ಲವೇ ಇಲ್ಲ. ನೆಲ ಇನ್ನೂ ಕಾದು ಮೈಬಿಸಿ ದಾಟಿದರೆ ಮತ್ತೆ ವ್ಯತ್ಯಾಸ ಸಿಗಬೇಕಲ್ಲ ಅಂತ ಕೇಳಬಹುದು. ಲೆಕ್ಕ ಸರಿ, ಆದರೆ ಬಿಸಿಲಲ್ಲಿ ನಿಂತ ಪ್ರಾಣಿಯ ತುಪ್ಪಳವೂ ಕಾಯುತ್ತದೆ. ಮೇಲಾಗಿ ಆ ಹೊತ್ತಿನಲ್ಲಿ ಕಾದ ಹುಲ್ಲು, ಬಿಸಿಗಾಳಿಗೆ ಅಲ್ಲಾಡುವ ಟೊಂಗೆ, ಎಲ್ಲಕ್ಕೂ ಇದು ಬೆಚ್ಚಿಬೀಳುತ್ತದೆ. ಮೇ ತಿಂಗಳ ಕಾರ್ಡ್ ತೆರೆದರೆ ನೂರಾರು ಫೋಟೊ, ಎಲ್ಲದರಲ್ಲೂ ಅದೇ ಜಾಲಿ ಟೊಂಗೆ.

ಹಿತ್ತಲಿನಲ್ಲಿ ಇನ್ನೊಂದು ತಕರಾರು, ಅದು ನಮ್ಮ ಕಡೆಯವರಿಗೇ ಮೀಸಲು. ನಮ್ಮ ಹಿತ್ತಲಿಗೆ ಹಾಸಿರುವುದು ಶಹಾಬಾದ್ ಫರ್ಸಿ. ಹಗಲೆಲ್ಲ ಕುಡಿದ ಬಿಸಿಯನ್ನು ಈ ಕಲ್ಲು ಕತ್ತಲಾದ ಮೇಲೂ ಉಗುಳುತ್ತಲೇ ಇರುತ್ತದೆ, ಬರಿಗಾಲಲ್ಲಿ ನಿಂತವರಿಗೆ ಗೊತ್ತು. ಬೇಸಿಗೆ ರಾತ್ರಿ ಎಂಟಕ್ಕೆ ನಾನು ಕುರ್ಚಿ ಹಾಕಿಕೊಂಡು ಸುಸಲಾ ತಿನ್ನುತ್ತ ಕೂತಿರುವಾಗ, ಬೆಕ್ಕು ನನ್ನ ಕಣ್ಣೆದುರೇ ಕ್ಯಾಮೆರಾದ ಮುಂದೆ ಫರ್ಸಿ ಮೇಲೆ ಹಾದುಹೋಯಿತು. ಮರುದಿನ ಕಾರ್ಡಿನಲ್ಲಿ ಅದರ ಬಾಲವೂ ಇಲ್ಲ. ಈಗ ಕ್ಯಾಮೆರಾವನ್ನು ಫರ್ಸಿ ಬಿಟ್ಟು ಬೇವಿನ ಬುಡದ ಹಸಿಮಣ್ಣಿನ ಕಡೆಗೆ ತಿರುಗಿಸಿದ್ದೇನೆ. ಅಲ್ಲೇ ಹಕ್ಕಿಗಳಿಗೆ ಮಣ್ಣಿನ ಪರಾತದಲ್ಲಿ ನೀರು. ಸಂಜೆ ಸುತ್ತ ನಾಲ್ಕು ಚೊಂಬು ನೀರು ಚಿಮುಕಿಸಿದರೆ ನೆಲ ಆರುತ್ತದೆ, ಸೆನ್ಸರಿಗೂ ಬುದ್ಧಿ ಬರುತ್ತದೆ. ಆಮೇಲೆ ಬಂದ ಫೋಟೊಗಳಲ್ಲಿ ಮುಂಗುಸಿ, ಹಗಲು ಪಿಕಳಾರ, ರಾತ್ರಿ ಬೆಕ್ಕು, ಒಮ್ಮೆ ಗೋಡೆ ಇಳಿದು ಬಂದ ಪುನುಗುಬೆಕ್ಕು. ನಗರದ ಹಿತ್ತಲಿಗೆ ಪುನುಗುಬೆಕ್ಕು ಬರುತ್ತದೆ ಅಂತ ಹೇಳಿದರೆ ಓಣಿಯವರು ನಂಬಲಿಲ್ಲ. ಹೆಂಡತಿ ಮಾತ್ರ ‘ಅಟ್ಟದ ಮ್ಯಾಲ ದಿನಾ ಗದ್ಲಾ ಮಾಡ್ತಿದ್ದಾಕಿ ಇಕೀನೇ ಏನು?’ ಅಂದಳು.

ಕಟ್ಟುವುದರಲ್ಲೂ ಒಂದು ಕೈಗುಣ ಇದೆ. ಮೂಡಣಕ್ಕೋ ಪಡುವಣಕ್ಕೋ ಮುಖ ಮಾಡಿದರೆ ಸೂರ್ಯ ನೇರ ಕಣ್ಣಿಗೆ ಬಡಿಯುತ್ತಾನೆ. ಉತ್ತರಕ್ಕೆ ತಿರುಗಿಸಿ. ಮೊಲ, ಮುಂಗುಸಿ, ನರಿ ಬೇಕಾದರೆ ಮೊಣಕಾಲ ಎತ್ತರ ಸಾಕು. ಪ್ರಾಣಿ ಕ್ಯಾಮೆರಾದ ಕಡೆಗೇ ನೇರ ನಡೆದು ಬಂದರೆ ಸೆನ್ಸರಿಗೆ ತಡವಾಗಿ ತಿಳಿಯುತ್ತದೆ, ಅಡ್ಡ ಹಾದರೆ ಬೇಗ. ಅದಕ್ಕೇ ಹೊಲದ ದಾರಿಗೆ ಎದುರಾಗಿ ಕಟ್ಟದೆ ಓರೆಯಾಗಿ ಕಟ್ಟಬೇಕು. ಎದುರಿನ ಹುಲ್ಲನ್ನು ಕುಡುಗೋಲಿನಿಂದ ಸವರದೆ ಬಂದಿರೋ, ಮೇಲೆ ಹೇಳಿದ ಜಾಲಿ ಟೊಂಗೆಯ ಆಲ್ಬಮ್ ನಿಮಗೂ ಸಿಗುತ್ತದೆ.

ಮೂರು ವರ್ಷದಲ್ಲಿ ಈ ಡಬ್ಬಿಯ ದುಡ್ಡು ಪೂರ್ತಿ ವಸೂಲಾದದ್ದು ಒಂದು ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ. ಕಲಬುರಗಿ, ಬೀದರ್ ಕಡೆಯವರಿಗೆ ಎಳ್ಳಮಾಸಿ ಅಂದರೆ ಬಿಡಿಸಿ ಹೇಳಬೇಕಾಗಿಲ್ಲ. ಸಜ್ಜಿ ರೊಟ್ಟಿ, ಭಜ್ಜಿ, ಕಡುಬು, ಶೇಂಗಾ ಹೋಳಿಗಿ ಗಂಟು ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ. ಅಪ್ಪ ‘ಹುಲ್ಲುಲ್ಲಿಗೋ’ ಅಂತ ಕೂಗುತ್ತ ಹೊಲದ ಸುತ್ತ ಚರಗ ಚೆಲ್ಲುತ್ತಿದ್ದರೆ ಮಗ ಹಿಂದೆ ನೀರಿನ ಚೊಂಬು ಹಿಡಿದು ಓಡುತ್ತಿದ್ದ. ಊಟವಾಗಿ ಗಂಟು ಕಟ್ಟುವ ಹೊತ್ತಿಗೆ ಮಗಳು ಕೇಳಿದಳು: ‘ಆಯಿ, ಚರಗ ಯಾರು ತಿಂತಾರ?’ ನಮ್ಮವ್ವ ‘ಭೂಮ್ತಾಯಿ ತಿಂತಾಳವ್ವ’ ಅಂದಳು. ಮಗಳು ನನ್ನ ಮುಖ ನೋಡಿದಳು. ಕ್ಯಾಮೆರಾವನ್ನು ಬನ್ನಿ ಗಿಡಕ್ಕೆ, ಚರಗ ಜಾಸ್ತಿ ಬಿದ್ದ ಕಡೆಗೆ ಕಟ್ಟಿ ಬಂದೆವು.

ಮುಂದಿನ ರವಿವಾರ ಕಾರ್ಡ್ ತಂದು ಟಿವಿಗೆ ಹಚ್ಚಿದಾಗ ಮನೆಮಂದಿಯೆಲ್ಲ ಚಾಪೆ ಮೇಲೆ. ನಾವು ಬಂಡಿದಾರಿ ದಾಟುವ ಮುಂಚೆಯೇ ಕಾಗೆಗಳು ಹಾಜರು. ಸಂಜೆ ಎರಡು ನವಿಲು ಕಡುಬಿನ ಚೂರು ಹೆಕ್ಕಿದವು. ಕತ್ತಲಾದ ಮೇಲೆ ಇಲಿ. ಇಲಿಯ ಹಿಂದೆಯೇ, ನಡುರಾತ್ರಿ ದಾಟಿದ ಮೇಲೆ, ನರಿ. ಮೊದಲ ಫೋಟೊದಲ್ಲಿ ಮೂಗು ನೆಲಕ್ಕೆ, ಎರಡನೆಯದರಲ್ಲಿ ಬಾಯಲ್ಲಿ ಹೋಳಿಗೆ, ಮೂರನೆಯದರಲ್ಲಿ ನೇರ ನಮ್ಮ ಕಡೆ ನೋಟ, ಎರಡೂ ಕಣ್ಣು ಬೆಳ್ಳಗೆ ಉರಿಯುತ್ತಿವೆ. ಮಗ ಚೀರಿದ ಚೀರಿಗೆ ಪಕ್ಕದ ಮನೆಯವರು ಬಂದು ಇಣುಕಿದರು. ಅವ್ವ ಚಾಳೀಸು ಏರಿಸಿಕೊಂಡು ಫೋಟೊದ ಕೆಳಗಿನ ಪಟ್ಟಿ ನೋಡುತ್ತಿದ್ದಳು. ಈ ಕ್ಯಾಮೆರಾಗಳು ಪ್ರತಿ ಫೋಟೊದ ಕೆಳಗೆ ತಾರೀಕು, ಗಂಟೆ, ಉಷ್ಣಾಂಶದ ಜೊತೆಗೆ ಆ ದಿನದ ಚಂದ್ರನ ಕಳೆಯನ್ನೂ ಒಂದು ಪುಟ್ಟ ಚಿತ್ರವಾಗಿ ಅಚ್ಚೊತ್ತುತ್ತವೆ. ಬೆಳದಿಂಗಳಿಗೂ ಜಿಂಕೆ ಓಡಾಟಕ್ಕೂ ತಾಳೆ ಹಾಕುವ ಬೇಟೆಗಾರರಿಗಾಗಿ ಇಟ್ಟ ಸೌಲಭ್ಯ. ಅಲ್ಲಿ ಇದ್ದದ್ದು ಕಪ್ಪು ಚುಕ್ಕೆ. ‘ಅಮಾಸಿ ಬರೊಬ್ಬರಿ ಹಾಕ್ಯಾದ ನೋಡು, ಪಂಚಾಂಗ ಓದ್ಯಾದ ಇದು,’ ಅಂದಳು. ಆವತ್ತಿನಿಂದ ಮನೆಯಲ್ಲಿ ಈ ಕ್ಯಾಮೆರಾದ ಮಾತಿಗೆ ಎದುರಿಲ್ಲ. ಉಷ್ಣಾಂಶದ ಅಂಕಿಯನ್ನು ಮಾತ್ರ ನಂಬಬೇಡಿ, ಅದು ಡಬ್ಬಿಯ ಒಳಗಿನ ಬಿಸಿ. ಬಿಸಿಲಿಗೆ ಬಿದ್ದರೆ 50 ದಾಟಿಸಿ ತೋರಿಸುತ್ತದೆ.

ಚಿತ್ರದ ಗುಣಮಟ್ಟ ಹೇಳಿಕೊಳ್ಳುವಂಥದ್ದಲ್ಲ. ಡಬ್ಬಿಯ ಮೇಲೆ ಬರೆದಿರುವ ಮೆಗಾಪಿಕ್ಸೆಲ್ ಅನ್ನು ಸಂತೆಯಲ್ಲಿ ಹೇಳುವ ಮೊದಲ ರೇಟು ಅಂತ ತಿಳಿಯಿರಿ. ಈ ಬೆಲೆಯ ಕ್ಯಾಮೆರಾಗಳಲ್ಲಿ ಚಿತ್ರ ಹಿಡಿಯುವ ಸೆನ್ಸರ್ (ಬಿಸಿ ನೋಡುವುದಲ್ಲ, ಇದು ಬೇರೆ) ಚಿಕ್ಕದಿರುತ್ತದೆ, ಸಾಫ್ಟ್‌ವೇರ್ ಅದನ್ನೇ ಹಿಗ್ಗಿಸಿ ದೊಡ್ಡ ಫೈಲ್ ಮಾಡುತ್ತದೆ. ಸೆಟ್ಟಿಂಗಿನಲ್ಲಿ ಅತಿ ದೊಡ್ಡದನ್ನು ಆರಿಸಿದರೆ ಕಾರ್ಡ್ ಬೇಗ ತುಂಬುತ್ತದೆ, ನರಿಯ ಮೀಸೆ ಹೆಚ್ಚಿಗೆ ಕಾಣುವುದಿಲ್ಲ. ನಾನು ನಡುವಿನ ಸೆಟ್ಟಿಂಗಿನಲ್ಲಿ ಇಟ್ಟಿದ್ದೇನೆ. ರಾತ್ರಿಯ ಫೋಟೊ ಹೇಗೂ ಕಪ್ಪು ಬಿಳುಪು. ಇದರದು ಇನ್‌ಫ್ರಾರೆಡ್ ದೀಪ, ಬೆಳಕಿನ ತರಂಗಾಂತರ 850 ನ್ಯಾನೊಮೀಟರ್. ಫೋಟೊ ತೆಗೆಯುವಾಗ ಮಸುಕು ಕೆಂಪಾಗಿ ಮಿನುಗುತ್ತದೆ, ನರಿಗೆ ಅದು ಗೊತ್ತಾಗುತ್ತದೆ, ಕಳ್ಳರಿಗೂ ಗೊತ್ತಾಗುತ್ತದೆ. 940ರ ದೀಪ ಕಣ್ಣಿಗೆ ಕಾಣುವುದಿಲ್ಲ, ಆದರೆ ಅದರ ಬೆಳಕು ಅಷ್ಟು ದೂರ ಹೋಗುವುದಿಲ್ಲ. ಹಿತ್ತಲಿಗಾದರೆ 940 ಸಾಕು, ಬಯಲು ಹೊಲಕ್ಕೆ 850ನೇ ಒಳ್ಳೆಯದು.

ಸೆಲ್ಲಿನದು ನಿತ್ಯದ ಖರ್ಚು. ಎಂಟು ಪೆನ್ಸಿಲ್ ಸೆಲ್ ಬೇಕು. ಅಗ್ಗದ ಸೆಲ್ ಹಾಕಿ ಬೇಸಿಗೆಯಲ್ಲಿ ಬಿಟ್ಟರೆ ಕಾವಿಗೆ ಸೋರಿ ಸ್ಪ್ರಿಂಗಿಗೆ ತುಕ್ಕು ಹಿಡಿಯುವ ಭಯ. ರೀಚಾರ್ಜ್ ಸೆಲ್ಲಿನಲ್ಲಿ ಆ ಭಯ ಕಡಿಮೆ, ಆದರೆ ಒಂದೊಂದರ ವೋಲ್ಟೇಜ್ 1.5 ಅಲ್ಲ, 1.2. ಹಾಗಾಗಿ ಬ್ಯಾಟರಿ ಪಟ್ಟಿ ಮೊದಲ ದಿನದಿಂದಲೇ ಅರ್ಧ ತೋರಿಸುತ್ತದೆ. ಗಾಬರಿ ಬೇಡ, ಚಳಿಗಾಲದಲ್ಲಿ ವಾರಗಟ್ಟಲೆ ನಡೆಯುತ್ತದೆ. ಕಾರ್ಡನ್ನು ಕಂಪ್ಯೂಟರಿನಲ್ಲಿ ಅಳಿಸುವುದಕ್ಕಿಂತ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡುವುದು ಲೇಸು.

ಮಳೆಗೆ ಜಗ್ಗಿಲ್ಲ. ಐಪಿ 66 (ಧೂಳು, ನೀರು ತಡೆಯುವ ದರ್ಜೆ) ಅಂತ ಬರೆದದ್ದು ಸುಳ್ಳಲ್ಲ, ಒಳಗೆ ಹನಿ ನೀರು ಹೋಗಿಲ್ಲ. ನನ್ನ ತಕರಾರು ಇರುವುದು ಕೆಳಗಿನ ರಬ್ಬರ್ ಮುಚ್ಚಳದ ಬಗ್ಗೆ. ಎರಡನೇ ಬೇಸಿಗೆಗೆ ಅದು ಗಟ್ಟಿಯಾಗಿ ಬಿರುಕು ಬಿಟ್ಟಿತು, ಆ ಸಂದಿಯಿಂದ ಇರುವೆ ಒಳಹೊಕ್ಕು ಸೆಲ್ಲಿನ ಮನೆಯಲ್ಲಿ ಮೊಟ್ಟೆ ಇಟ್ಟವು. ಮಾರಿದವರಿಗೆ ಬರೆದರೆ ಬಿಡಿ ಮುಚ್ಚಳ ಸಿಗುವುದಿಲ್ಲ ಅಂತ ಒಂದೇ ಸಾಲಿನ ಉತ್ತರ. ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ ಹಚ್ಚಿದೆ, ಇವತ್ತಿಗೂ ಅದೇ ನಡೆದಿದೆ. ಇನ್ನು ಜೇಡ. ಲೆನ್ಸಿನ ಮುಂದೆ ಬಲೆ ಕಟ್ಟಿತೋ, ರಾತ್ರಿಯ ದೀಪ ಬಲೆಗೆ ಹೊಡೆದು ಇಡೀ ಫೋಟೊ ಬೆಳ್ಳಗಾಗುತ್ತದೆ. ಹೋದಾಗೊಮ್ಮೆ ಬಟ್ಟೆಯಿಂದ ಒರೆಸಿ ಬರಬೇಕು, ಬೇರೆ ದಾರಿ ಇಲ್ಲ.

ಕೊನೆಗೆ ಒಂದು ಮಾತು, ಇದು ಯಂತ್ರಕ್ಕಿಂತ ಮನುಷ್ಯರಿಗೆ ಸಂಬಂಧಿಸಿದ್ದು. ನಮ್ಮ ಹೊಲದಲ್ಲಿ ಕಾಡುಹಂದಿ ಬಂದ ಫೋಟೊ ಊರಲ್ಲಿ ಸುದ್ದಿಯಾದ ಮೇಲೆ ಒಬ್ಬರು ಮನೆಗೆ ಬಂದರು. ಚಾ ಕುಡಿದು ಮೆಲ್ಲಗೆ, ‘ಹಂದಿ ಯಾ ಹಾದಿಗಿ ಬರ್ತದ, ಎಷ್ಟೊತ್ತಿಗಿ ಬರ್ತದ, ಜರಾ ತೋರ್ಸರಿಲ್ಲ’ ಅಂದರು. ಉರುಲು ಹಾಕುವ ಅಂದಾಜು ಅಂತ ಗೊತ್ತಾಯಿತು. ‘ಫೋಟೊ ಎಲ್ಲಾ ಅಳಿಸೀನಿ ಕಾಕಾ’ ಅಂದುಬಿಟ್ಟೆ. ಈ ಡಬ್ಬಿ ಹುಟ್ಟಿದ್ದೇ ಬೇಟೆಗಾರನಿಗೆ ಸುಳಿವು ಕೊಡಲಿಕ್ಕೆ ಅನ್ನುವುದನ್ನು ಮರೆಯಬಾರದು. ಜಾಗ ಗುರುತು ಸಿಗುವ ಫೋಟೊ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ, ಉರುಲಿಗೆ ಬೀಳುವುದು ಬರೀ ಹಂದಿಯಲ್ಲ. ಹಂದಿ ಬೆಳೆ ಹಾಳು ಮಾಡಿದ್ದರೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕುವ ದಾರಿ ಇದೆ, ಅಲ್ಲಿ ತಾರೀಕು, ಗಂಟೆ ಅಚ್ಚಾದ ಫೋಟೊ ಮಾತಿಗೆ ಬಲ ಕೊಡುತ್ತದೆ. ಹಾಗೆಯೇ ಹೆಣ್ಣುಮಕ್ಕಳು ಓಡಾಡುವ ಕಾಲುದಾರಿಯ ಕಡೆಗೆ ಕ್ಯಾಮೆರಾ ಮುಖ ಮಾಡಬೇಡಿ, ಪಕ್ಕದ ಹೊಲದವರಿಗೆ ಹೇಳಿಯೇ ಕಟ್ಟಿ. ಅಭಯಾರಣ್ಯದ ಒಳಗಂತೂ ಅನುಮತಿ ಇಲ್ಲದೆ ಕ್ಯಾಮೆರಾ ಇರಲಿ, ಕಾಲೂ ಇಡುವಂತಿಲ್ಲ.

ಯಾರು ತಗೊಳ್ಳಬೇಕು? ಹೊಲವೋ ದೊಡ್ಡ ಹಿತ್ತಲೋ ಇದ್ದವರು, ವಾರಕ್ಕೊಮ್ಮೆಯಾದರೂ ಹೋಗಿ ಕಾರ್ಡ್ ತೆಗೆಯುವ ತಾಳ್ಮೆ ಇದ್ದವರು. ಕಳ್ಳರನ್ನು ಹಿಡಿಯಲು ಬೇಕಾದರೆ ಸಿಸಿಟಿವಿ ಹಾಕಿಸಿ, ಇದು ಆ ಕೆಲಸಕ್ಕಲ್ಲ. ಇದನ್ನೇ ಕಳ್ಳರು ಬಿಚ್ಚಿಕೊಂಡು ಹೋಗದಂತೆ ಬೈಕಿಗೆ ಹಾಕುವ ಕೇಬಲ್ ಲಾಕ್ ಒಂದನ್ನು ಜೊತೆಗೇ ತಗೊಳ್ಳಿ. ಮತ್ತೆ, ತಗೊಳ್ಳುವುದಾದರೆ ನವೆಂಬರ್, ಡಿಸೆಂಬರಿನಲ್ಲಿ ತಗೊಳ್ಳಿ. ಏಪ್ರಿಲಿನಲ್ಲಿ ತರಿಸಿದರೆ ಯಂತ್ರ ಸರಿ ಇದೆಯೋ ಇಲ್ಲವೋ ತಿಳಿಯುವ ಮುಂಚೆ ವಾಪಸ್ ಕೊಡುವ ಅವಧಿ ಮುಗಿದಿರುತ್ತದೆ.