ನಲವತ್ತು ಲೀಟರ್ ಕೂಲರ್: ಏಪ್ರಿಲ್‌ಗೆ ಓಕೆ, ಮಳೆ ಬಿದ್ಮೇಲೆ ದಂಡ

⭐⭐⭐ (ಐದಕ್ಕೆ ಮೂರು)

2024ರ ಏಪ್ರಿಲ್ ಎರಡನೇ ವಾರ ತಗೊಂಡಿದ್ದು, ಎರಡು ಬೇಸಿಗೆ ಓಡ್ಸಿ ಈಗ ಬರೀತಿದೀನಿ. ಕಂಪನಿ ಹೆಸರು ಹಾಕಲ್ಲ, ಈ ರೇಟಿಗೆ ಎಲ್ಲಾರದ್ದೂ ಹೆಚ್ಚುಕಮ್ಮಿ ಒಂದೇ.

ನಮ್ದು ಬನಶಂಕರಿ ಕಡೆ ಮೂರನೇ ಮಹಡಿ, ತಲೆ ಮೇಲೆ ಬರೀ ಟೆರೇಸು. ಅಮ್ಮಂಗೆ 76, ಬಿಪಿಗೆ ನೀರಿಳಿಸೋ ಮಾತ್ರೆ ಬೇರೆ. ಫ್ಯಾನೇ ಇಲ್ದಿರೋ ಮನೇಲಿ ಬೆಳೆದವ್ರು, "ಬೆಂಗ್ಳೂರಲ್ಲಿ ಯಾರಾದ್ರೂ ಕೂಲರ್ ಇಡ್ತಾರೇನೋ" ಅಂತ ನಕ್ಕಿದ್ರು. ಆಮೇಲೆ ಒಂದಿನ ರಾತ್ರಿ ಹನ್ನೊಂದಕ್ಕೆ ಗೋಡೆಗೆ ಕೈ ಇಟ್ರೆ ಇನ್ನೂ ಕಾವು, ಅಮ್ಮ ನೆಲದ ಮೇಲೆ ಒದ್ದೆ ಟವೆಲ್ ಹಾಸ್ಕೊಂಡು ಮಲಗಿದ್ರು, ಮಾರನೇ ದಿನವೇ ಹೋಗಿ ತಂದೆ.

ಒಣ ಹವೆಗೆ ಮಾತ್ರ ಸೂಪರ್. ಆ ಏಪ್ರಿಲ್ 28ಕ್ಕೆ ಬೆಂಗ್ಳೂರಲ್ಲಿ 38.5 ಡಿಗ್ರಿ ಆಯ್ತಲ್ಲ, 2016ರ 39.2 ದಾಖಲೆ ಹತ್ರ ಹತ್ರ, ಅವತ್ತು ಇದ್ರ ಮುಂದೆ ಕೂತೇ ಅಮ್ಮ ಎರಡು ತುತ್ತು ಮೊಸರನ್ನ ತಿಂದಿದ್ದು. ಆದ್ರೆ ಅಂಗಡಿಯವ್ನು ಕಿಟಕಿ ಮುಚ್ಚಿ ಅಂದಿದ್ದ, ಅದು ಶುದ್ಧ ತಪ್ಪು, ತೆಗೀಲೇಬೇಕು, ಇಲ್ಲಾಂದ್ರೆ ರೂಮೆಲ್ಲಾ ತೇವ ತುಂಬ್ಕೊಂಡು ಬೆವರು ಆರೋದೇ ಇಲ್ಲ. ಮೇನಲ್ಲಿ ಮಳೆ ಬಿತ್ತು ನೋಡಿ, ಅಲ್ಲಿಗೆ ಇದ್ರ ಕಥೆ ಮುಗೀತು, ಒದ್ದೆ ಗೋಣಿಚೀಲದ ವಾಸ್ನೆ ಬರೋ ಗಾಳಿ ಅಷ್ಟೇ.

ನೀರಿನ ವಿಷ್ಯ ಕೇಳ್ಬೇಡಿ. ಬೋರ್‌ವೆಲ್ ಬತ್ತಿ ಟ್ಯಾಂಕರ್‌ಗೆ ಕ್ಯೂ ನಿಲ್ಲೋ ಟೈಮಲ್ಲಿ ದಿನಾ ಒಂದು ಟ್ಯಾಂಕು ಇದು ಕುಡೀತಿತ್ತು. ಆರ್‌ಓ ವೇಸ್ಟ್ ನೀರು ಹಾಕಿದೆ, ಪ್ಯಾಡ್ ಮೇಲೆ ಸುಣ್ಣದ ಥರ ಬಿಳಿ ಪೊರೆ ಕಟ್ತು. ನೀರು ಖಾಲಿ ಮಾಡ್ದೇ ಬಿಟ್ರೆ ಸೊಳ್ಳೆ ಮರಿ. ಎರಡನೇ ಬೇಸಿಗೆಲಿ ಪಂಪ್ ಸತ್ತೋಯ್ತು, ಸರ್ವಿಸ್‌ನವ್ರು ಬಂದಿದ್ದು ಒಂಬತ್ತು ದಿನ ಬಿಟ್ಟು.

ಕೆಳಗಿನ ಮನೆ ಅಂಕಲ್ ಮಾತ್ರ, "ವಯಸ್ಸಾದೋರು ಹೋಗೋದು ಚಳಿಗಾಲದಲ್ಲಿ ಕಣಪ್ಪ, ಸುಮ್ನೆ ದುಡ್ಡು ಹಾಕ್ದೆ" ಅಂದ್ರು. ಪೂರ್ತಿ ಸುಳ್ಳೇನಲ್ಲ. 2015ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಬಂದ 13 ದೇಶಗಳ ಲೆಕ್ಕದಲ್ಲಿ ಚಳಿ ಪಾಲು ಒಟ್ಟು ಸಾವಿನಲ್ಲಿ 7.29 ಪರ್ಸೆಂಟು, ಬಿಸಿದು 0.42. ಆದ್ರೆ ಊರು ಬೆಚ್ಚಗಾದ್ರೆ ಚಳಿಗಾಲದ ಸಾವು ತಾನಾಗೇ ಕಮ್ಮಿ ಆಗತ್ತೆ ಅನ್ನೋಕಾಗಲ್ಲ, ಅಮೆರಿಕ ಫ್ರಾನ್ಸ್‌ನ 39 ನಗರ ನೋಡ್ದಾಗ ಬೆಚ್ಚಗಿರೋ ಊರುಗಳಲ್ಲೂ ಚಳಿಗಾಲದ ಸಾವು ಹೆಚ್ಚೇ ಇತ್ತು, ಫ್ಲೂ, ಹಾರ್ಟು ಇವೆಲ್ಲಾ ಬರೀ ಥರ್ಮಾಮೀಟರ್ ನೋಡ್ಕೊಂಡು ಬರಲ್ವಲ್ಲ. ಬಿಸಿಲು ಬೇರೆ ಥರ, ನಾಲ್ಕೇ ದಿನದಲ್ಲಿ ಗುಡಿಸ್ಕೊಂಡು ಹೋಗತ್ತೆ. ಅಹಮದಾಬಾದ್‌ನಲ್ಲಿ 2010ರ ಮೇ ತಿಂಗಳು 46.8 ಮುಟ್ಟಿದಾಗ ಮಾಮೂಲಿಗಿಂತ 1,344 ಸಾವು ಜಾಸ್ತಿ ಆಗಿತ್ತು, ಅದಾದ್ಮೇಲೇ 2013ರಲ್ಲಿ ಅವ್ರು ಬಿಸಿಲು ಜಾಸ್ತಿ ಆದ್ರೆ ಏನ್ ಮಾಡ್ಬೇಕು ಅನ್ನೋ ಹೀಟ್ ಪ್ಲಾನ್ ಮಾಡಿದ್ದು. ಸರ್ಟಿಫಿಕೇಟಲ್ಲಿ ಎಷ್ಟೋ ಸಲ ಬರೀ ಹಾರ್ಟ್ ಅಂತ ಬರೀತಾರೆ, ಬಿಸಿಲು ಲೆಕ್ಕಕ್ಕೇ ಬರಲ್ಲ. ನಾವು 46 ನೋಡಿಲ್ಲ ನಿಜ, ಆದ್ರೆ ತಂಪಿಗೆ ಒಗ್ಗಿದ ಮೈಗೆ 38 ಸಾಕು. ಅಂಕಲ್‌ಗೆ ಇದೆಲ್ಲಾ ಹೇಳಿದೆ, "ಹೂಂ" ಅಂದು ಪೇಪರ್ ತಿರುವಿದ್ರು.

ತಗೋಬೇಕಾ? ಮೇಲಿನ ಮಹಡಿ, ಮನೇಲಿ ವಯಸ್ಸಾದೋರು, ನೀರಿಗೆ ತೊಂದ್ರೆ ಇಲ್ಲ ಅಂದ್ರೆ ಮಾರ್ಚ್‌ಗೇ ತಗೊಳ್ಳಿ. ನಾವು ಮಧ್ಯಾಹ್ನ ಮಾತ್ರ ಹಾಕ್ತೀವಿ, ರಾತ್ರಿ ಕಿಟಕಿ ತೆಗೆದು ಫ್ಯಾನು. ಟೆರೇಸ್‌ಗೆ ಬಿಳಿ ಬಣ್ಣ ಹೊಡ್ಸಿದ್ದೇ ಇದಕ್ಕಿಂತ ಜಾಸ್ತಿ ಕೆಲ್ಸ ಮಾಡ್ತು ಅನ್ಸತ್ತೆ. ಸದ್ಯಕ್ಕೆ ಕೂಲರ್ ಮೂಲೇಲಿದೆ, ಅಮ್ಮ ಅದ್ರ ಮೇಲೆ ಹಪ್ಪಳದ ಡಬ್ಬಿ ಇಟ್ಟಿದಾರೆ.